ಇಸ್ರೋ ಸಂಸ್ಥೆಯ ಆನ್‌ಲೈನ್ ಬಾಹ್ಯಾಕಾಶ ಸ್ಪರ್ಧೆಗಳು ಹಾಗೂ ‘ಯುವಿಕಾ’ ಕಾರ್ಯಕ್ರಮ: ಶ್ರೀನಗರದ ವಿದ್ಯಾರ್ಥಿಗಳು ಮತ್ತು ಪೋಷಕರಿಗೆ ಮಾಹಿತಿ

1. ಪೀಠಿಕೆ

ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು (ಇಸ್ರೋ) ಶಾಲಾ ವಿದ್ಯಾರ್ಥಿಗಳಿಗಾಗಿ ಅಂತರ್ಜಾಲದ ಮೂಲಕ ನಡೆಸುವ ಸ್ಪರ್ಧೆಗಳ ಕುರಿತು ಶ್ರೀನಗರ, ಹನುಮಂತನಗರ ಹಾಗೂ ಬನಶಂಕರಿ ಸುತ್ತಮುತ್ತಲಿನ ಪೋಷಕರ ಅವಗಾಹನೆಗಾಗಿ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ. ಇವುಗಳ ಪೈಕಿ ‘ಯುವಿಕಾ’ (ಯುವ ವಿಜ್ಞಾನಿ ಕಾರ್ಯಕ್ರಮ) ಪ್ರಮುಖವಾದುದು. ಇದಕ್ಕೆ 9ನೇ ತರಗತಿಯಲ್ಲಿ ಅರ್ಜಿ ಸಲ್ಲಿಸಬೇಕಾಗಿದ್ದರೂ, ಆಯ್ಕೆಗೆ ಪರಿಗಣಿಸುವ ದಾಖಲೆಗಳು 7ನೇ ತರಗತಿಯಿಂದಲೇ ಆರಂಭವಾಗುತ್ತವೆ ಎಂಬುದನ್ನು ಪೋಷಕರು ಗಮನಿಸತಕ್ಕದ್ದು.

2. ಹಿಂದಿನ ಸ್ಪರ್ಧೆಗಳು

ಅ) 2019ರ ಆಗಸ್ಟ್ ತಿಂಗಳಿನಲ್ಲಿ 8ರಿಂದ 10ನೇ ತರಗತಿಯ ವಿದ್ಯಾರ್ಥಿಗಳಿಗಾಗಿ ಚಂದ್ರಯಾನ-2 ಕುರಿತು ಆನ್‌ಲೈನ್ ರಸಪ್ರಶ್ನೆಯನ್ನು ಏರ್ಪಡಿಸಲಾಗಿತ್ತು. 10 ನಿಮಿಷಗಳಲ್ಲಿ 20 ಪ್ರಶ್ನೆಗಳಿಗೆ ಉತ್ತರಿಸಬೇಕಾಗಿತ್ತು. ಪ್ರತಿ ರಾಜ್ಯದಿಂದ ಇಬ್ಬರಂತೆ ಆಯ್ಕೆಯಾದವರಿಗೆ ಸೆಪ್ಟೆಂಬರ್ 7ರ ನಸುಕಿನ ಇಳಿಯುವಿಕೆಯನ್ನು ಬೆಂಗಳೂರಿನ ಇಸ್ರೋ ಕೇಂದ್ರದಲ್ಲಿ ಪ್ರಧಾನಮಂತ್ರಿಯವರೊಂದಿಗೆ ವೀಕ್ಷಿಸಲು ಆಹ್ವಾನ ನೀಡಲಾಗಿತ್ತು.

ಆ) 2020ರಲ್ಲಿ ಕೋವಿಡ್ ಕಾರಣ ಶಾಲೆಗಳು ಮುಚ್ಚಿದ್ದ ಅವಧಿಯಲ್ಲಿ ನಡೆದ ‘ಇಸ್ರೋ ಸೈಬರ್‌ಸ್ಪೇಸ್’ ಸ್ಪರ್ಧೆಗಳಲ್ಲಿ 4ರಿಂದ 8ನೇ ತರಗತಿಯವರಿಗೆ ಮಾದರಿ ತಯಾರಿಕೆಯ ವಿಭಾಗವಿತ್ತು.

3. ಯುವಿಕಾ ಕಾರ್ಯಕ್ರಮ

2019ರಲ್ಲಿ ಆರಂಭವಾದ ಇದು ಬೇಸಿಗೆ ರಜೆಯಲ್ಲಿ ನಡೆಯುವ ವಸತಿ ಸಹಿತ ತರಬೇತಿ. ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರವೂ ತರಬೇತಿ ಕೇಂದ್ರಗಳಲ್ಲಿ ಒಂದಾಗಿದೆ. ಪ್ರಯಾಣ, ವಸತಿ, ಊಟೋಪಚಾರ ಹಾಗೂ ಪಠ್ಯ ಸಾಮಗ್ರಿಯ ವೆಚ್ಚವನ್ನು ಇಸ್ರೋ ಭರಿಸುತ್ತದೆ. 2025ನೇ ಸಾಲಿನಲ್ಲಿ ಫೆಬ್ರವರಿ 24ರಿಂದ ಮಾರ್ಚ್ 23ರವರೆಗೆ ನೋಂದಣಿ ನಡೆದು, ಮೇ ತಿಂಗಳಿನಲ್ಲಿ ತರಬೇತಿ ಜರುಗಿತು.

4. ಆಯ್ಕೆಯ ಮಾನದಂಡ (2025ನೇ ಸಾಲಿನಂತೆ, ಶೇಕಡಾವಾರು)

- 8ನೇ ತರಗತಿಯ ಅಂಕಗಳು: 50
- ಆನ್‌ಲೈನ್ ರಸಪ್ರಶ್ನೆ: 10
- ವಿಜ್ಞಾನ ಮೇಳದಲ್ಲಿ ಭಾಗವಹಿಸುವಿಕೆ: ಶಾಲಾ ಮಟ್ಟ 2, ಜಿಲ್ಲಾ ಮಟ್ಟ 5, ರಾಜ್ಯ ಹಾಗೂ ಮೇಲ್ಪಟ್ಟು 10
- ಒಲಿಂಪಿಯಾಡ್ ಅಥವಾ ವಿಜ್ಞಾನ ಸ್ಪರ್ಧೆಯ ಬಹುಮಾನ: ಅದೇ ಕ್ರಮದಲ್ಲಿ 2, 4, 5
- ಕ್ರೀಡಾ ಬಹುಮಾನ: 2, 4, 5
- ಸ್ಕೌಟ್ಸ್-ಗೈಡ್ಸ್, ಎನ್‌ಸಿಸಿ ಅಥವಾ ಎನ್‌ಎಸ್‌ಎಸ್ ಸದಸ್ಯತ್ವ: 5
- ಪಂಚಾಯಿತಿ ವ್ಯಾಪ್ತಿಯ ಗ್ರಾಮೀಣ ಶಾಲೆಯಲ್ಲಿ ವ್ಯಾಸಂಗ: 15

ಮೇಳ, ಬಹುಮಾನ ಹಾಗೂ ಸದಸ್ಯತ್ವಕ್ಕೆ ಕಳೆದ ಮೂರು ವರ್ಷಗಳ ಅವಧಿಯನ್ನು ಮಾತ್ರ ಪರಿಗಣಿಸಲಾಗುತ್ತದೆ. ಶ್ರೀನಗರವು ನಗರ ವ್ಯಾಪ್ತಿಯಲ್ಲಿರುವುದರಿಂದ ಇಲ್ಲಿನ ಶಾಲೆಗಳ ಮಕ್ಕಳಿಗೆ ಕೊನೆಯ 15 ಲಭ್ಯವಾಗುವುದಿಲ್ಲ. ಅವರಿಗೆ ದೊರೆಯಬಹುದಾದ ಗರಿಷ್ಠ ಮೊತ್ತ 85. ಆದುದರಿಂದ ಉಳಿದ ಯಾವ ಬಾಬ್ತನ್ನೂ ಕೈಬಿಡುವುದು ಸೂಕ್ತವಲ್ಲ. ಕೇವಲ ರಸಪ್ರಶ್ನೆಯ ತಯಾರಿಯಿಂದ ಆಯ್ಕೆಯಾಗಲು ಸಾಧ್ಯವಿಲ್ಲ.

5. ಅರ್ಜಿ ಸಲ್ಲಿಸುವ ವಿಧಾನ

(1) ಇಸ್ರೋದ ‘ಅಂತರಿಕ್ಷ ಜಿಜ್ಞಾಸಾ’ ಜಾಲತಾಣದಲ್ಲಿ ಹೆಸರು ನೋಂದಾಯಿಸುವುದು.
(2) ಇ-ಮೇಲ್‌ಗೆ ಬರುವ ಕೊಂಡಿಯ ಮೂಲಕ ನೋಂದಣಿಯನ್ನು ದೃಢಪಡಿಸುವುದು.
(3) ಸೂಚನೆಗಳನ್ನು ಓದಿಕೊಂಡು ರಸಪ್ರಶ್ನೆಗೆ ಉತ್ತರಿಸುವುದು.
(4) ಕನಿಷ್ಠ 60 ನಿಮಿಷಗಳ ನಂತರ ವೈಯಕ್ತಿಕ ಹಾಗೂ ಶೈಕ್ಷಣಿಕ ವಿವರಗಳನ್ನು ಭರ್ತಿ ಮಾಡುವುದು.
(5) ಶಾಲಾ ಮುಖ್ಯಸ್ಥರಿಂದ ದೃಢೀಕರಿಸಿದ ದಾಖಲೆಗಳನ್ನು ಅಪ್‌ಲೋಡ್ ಮಾಡಿ ಅರ್ಜಿ ಸಲ್ಲಿಸುವುದು.

ರಸಪ್ರಶ್ನೆ ಮುಗಿಸಿದ ಮಾತ್ರಕ್ಕೆ ಅರ್ಜಿ ಸಲ್ಲಿಸಿದಂತಾಗುವುದಿಲ್ಲ. ಕೊನೆಯ ಎರಡು ಹಂತಗಳನ್ನೂ ಪೂರೈಸತಕ್ಕದ್ದು.

6. ಪೋಷಕರಿಗೆ ಸೂಚನೆಗಳು

- ಅನೇಕ ಸರ್ಕಾರಿ ಪ್ರಾಥಮಿಕ ಶಾಲೆಗಳು 7ನೇ ತರಗತಿಗೆ ಮುಕ್ತಾಯವಾಗುತ್ತವೆ. ವರ್ಗಾವಣೆ ಪತ್ರ ಪಡೆಯುವಾಗಲೇ ಮೇಳ, ಸ್ಪರ್ಧೆ ಹಾಗೂ ಕ್ರೀಡೆಯ ಪ್ರಮಾಣಪತ್ರಗಳನ್ನೂ ಕೇಳಿ ಪಡೆಯುವುದು. ಎರಡು ವರ್ಷಗಳ ನಂತರ ಹಳೆಯ ಶಾಲೆಯಲ್ಲಿ ಅವುಗಳನ್ನು ಹುಡುಕಿಸುವುದು ಕಷ್ಟಸಾಧ್ಯ. ಪ್ರಮಾಣಪತ್ರವಿಲ್ಲದ ಸಾಧನೆಗೆ ಅಂಕ ದೊರೆಯುವುದಿಲ್ಲ.
- 8ನೇ ತರಗತಿಯ ಅಂಕಪಟ್ಟಿಯನ್ನು ಜೋಪಾನವಾಗಿ ಇಟ್ಟುಕೊಳ್ಳುವುದು.
- ಮನೆಯಲ್ಲಿ ಗಣಕಯಂತ್ರವಿಲ್ಲದವರು ನೋಂದಣಿ ಆರಂಭವಾದ ಕೂಡಲೇ ಮುಖ್ಯೋಪಾಧ್ಯಾಯರನ್ನು ಭೇಟಿ ಮಾಡುವುದು. ಕೊನೆಯ ದಿನಾಂಕದವರೆಗೆ ಕಾಯಬಾರದು.
- ವಿದ್ಯಾರ್ಥಿಯೇ ನೇರವಾಗಿ ಅರ್ಜಿ ಸಲ್ಲಿಸಬಹುದಾಗಿದ್ದು, ಮಧ್ಯವರ್ತಿಗಳ ಅಗತ್ಯವಿರುವುದಿಲ್ಲ.
- ವಿಷಯಜ್ಞಾನಕ್ಕಾಗಿ ಜವಾಹರಲಾಲ್ ನೆಹರು ತಾರಾಲಯ ಹಾಗೂ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದೊಯ್ಯಬಹುದು.

ಮಾನದಂಡ ಹಾಗೂ ದಿನಾಂಕಗಳು ವರ್ಷದಿಂದ ವರ್ಷಕ್ಕೆ ಬದಲಾಗುವ ಸಾಧ್ಯತೆ ಇರುವುದರಿಂದ, ಅರ್ಜಿ ಸಲ್ಲಿಸುವ ಮುನ್ನ ಆಯಾ ಸಾಲಿನ ಇಸ್ರೋ ಪ್ರಕಟಣೆಯನ್ನು ಕಡ್ಡಾಯವಾಗಿ ಪರಿಶೀಲಿಸಲು ಕೋರಲಾಗಿದೆ.