ಮಕ್ಕಳ ಕಿವುಡುತನ

ಮಕ್ಕಳ ಕಿವುಡುತನವು ಹುಟ್ಟಿನಿಂದ ಅಥವಾ ಬಾಲ್ಯದಲ್ಲಿ ಉಂಟಾಗುವ ಶ್ರವಣದೋಷವಾಗಿದೆ. ಮಗುವು ಕೇಳಿ ಮಾತು ಕಲಿಯುವುದರಿಂದ, ಈ ದೋಷವನ್ನು ತಡವಾಗಿ ಗುರುತಿಸಿದರೆ ಮಾತಿನ ಬೆಳವಣಿಗೆಯೂ ಕುಂಠಿತವಾಗುತ್ತದೆ.

ಕಾರಣಗಳು
ಅನುವಂಶೀಯತೆ, ಗರ್ಭಿಣಿಗೆ ತಗಲುವ ರುಬೆಲ್ಲಾ ಸೋಂಕು, ಅವಧಿಪೂರ್ವ ಜನನ, ನವಜಾತ ಶಿಶುವಿನ ತೀವ್ರ ಕಾಮಾಲೆ ಹಾಗೂ ಮೆದುಳುಪೊರೆಯ ಉರಿಯೂತ ಪ್ರಮುಖ ಕಾರಣಗಳು. ದಕ್ಷಿಣ ಭಾರತದಲ್ಲಿ ರೂಢಿಯಲ್ಲಿರುವ, ಅಕ್ಕನ ಮಗಳನ್ನು ವರಿಸುವಂತಹ ರಕ್ತಸಂಬಂಧದ ವಿವಾಹಗಳು ಅನುವಂಶೀಯ ಕಿವುಡುತನದ ಸಾಧ್ಯತೆಯನ್ನು ಹೆಚ್ಚಿಸುತ್ತವೆ. ಮೂಗು, ಗಂಟಲಿನ ಸೋಂಕು ನಡುಗಿವಿಗೆ ಹರಡಿ ಕಿವಿ ಸೋರುವುದುಂಟು. ಚಿಕಿತ್ಸೆ ದೊರೆಯದಿದ್ದರೆ ಕಿವಿತಮಟೆಗೆ ಹಾನಿಯಾಗಿ ಶ್ರವಣಶಕ್ತಿ ಕುಗ್ಗುತ್ತದೆ. ಸೋರುವ ಕಿವಿಗೆ ಎಣ್ಣೆ ಹಾಕುವುದು ಅಪಾಯಕರ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಮಕ್ಕಳ ಶ್ರವಣದೋಷದ ಸುಮಾರು 60% ಭಾಗಕ್ಕೆ ತಡೆಗಟ್ಟಬಹುದಾದ ಕಾರಣಗಳಿವೆ.

ಪತ್ತೆ ಮತ್ತು ಚಿಕಿತ್ಸೆ
ಶಿಶುವಿಗೆ 1 ತಿಂಗಳೊಳಗೆ ಶ್ರವಣ ತಪಾಸಣೆ, 3 ತಿಂಗಳೊಳಗೆ ದೋಷದ ಖಚಿತ ನಿರ್ಣಯ, 6 ತಿಂಗಳೊಳಗೆ ಚಿಕಿತ್ಸೆಯ ಆರಂಭ ಎಂಬುದು ಅಂಗೀಕೃತ ಕ್ರಮ. ಶ್ರವಣಸಾಧನ, ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆ, ವಾಕ್ ತರಬೇತಿ ಮತ್ತು ಸಂಜ್ಞಾ ಭಾಷೆ ಮಗುವಿಗೆ ನೆರವಾಗುತ್ತವೆ.

ಕರ್ನಾಟಕದಲ್ಲಿ
ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ತಪಾಸಣೆ, ಚಿಕಿತ್ಸೆ ಹಾಗೂ ತಜ್ಞರ ತರಬೇತಿಯನ್ನು ನಡೆಸುತ್ತಿದೆ. ದಡಾರ–ರುಬೆಲ್ಲಾ ಲಸಿಕಾ ಅಭಿಯಾನವು 2017ರ ಫೆಬ್ರವರಿಯಲ್ಲಿ ಮೊದಲಿಗೆ ಆರಂಭವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು.