ಸೆಣಬಿನ ಹೆಸರು, ಭಂಗಿಯ ಕುಲ



ಗದ್ದೆಗೆ ಹಸುರು ಗೊಬ್ಬರಕ್ಕೆಂದು ಸೆಣಬು ಬಿತ್ತುವವರು ನಿಮ್ಮಲ್ಲಿದ್ದೀರಿ. ನೈಲಾನ್ ಬರುವ ಮೊದಲು ಕಾರವಾರ, ಅಂಕೋಲೆಯ ಬಲೆಗಳಿಗೂ ಸೆಣಬಿನ ದಾರ ಬೇಕಿತ್ತು. ಇಂಗ್ಲಿಷರು ಇದಕ್ಕೂ ‘ಹೆಂಪ್’ ಎಂದರು, ಪುಂಡಿಗೂ ‘ಹೆಂಪ್’ ಎಂದರು, ಭಂಗಿಗೂ ಅದನ್ನೇ ಅಂದರು. ಹಾಗಾದರೆ ಮೂರೂ ಒಂದೇ ಕುಲವೋ? ಅಲ್ಲ. ಅದು ನಾರು ಕಂಡು ಇಟ್ಟ ಹೆಸರು. ಕುಲ ಬೇಕಾದರೆ ಹೂ, ಕಾಯಿ ನೋಡಬೇಕು.

ಸೆಣಬಿನ ಹಳದಿ ಹೂ ಅಲಸಂದೆ ಹೂವಿನ ಆಕಾರದ್ದು, ಒಣಗಿದ ಕಾಯಿ ಗಲಗಲ ಎನ್ನುತ್ತದೆ. ಅದು ಬೇಳೆಕಾಳಿನ ಕುಲ. ಅದರ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕ ಹಿಡಿಯುತ್ತವೆ. ಗದ್ದೆಗೆ ಗೊಬ್ಬರವಾಗುವುದು ಅದರಿಂದಲೇ. ಪುಂಡಿ ಬೆಂಡೆ, ದಾಸವಾಳದ ಬಳಗ. ಭಂಗಿಯಲ್ಲಿ ಮಾತ್ರ ಸಾಮಾನ್ಯವಾಗಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಬೇರಿನಲ್ಲಿ ಸಾರಜನಕದ ಗಂಟಿಲ್ಲ. ಪರವಾನಗಿ ಇಲ್ಲದೆ ಅದನ್ನು ಬೆಳೆಯುವುದು 1985ರ ಕಾಯಿದೆಯಂತೆ ಅಪರಾಧ. ಸೆಣಬಿಗೆ ಆ ಭಯವಿಲ್ಲ.

ಭಂಗಿಯ ಕುಲದ ತಕರಾರು ಹಳೆಯದು. ನಮ್ಮ ನೆರೆಯ ಗೋವೆಯಲ್ಲಿ ವೈದ್ಯನಾಗಿದ್ದ ಗಾರ್ಸಿಯಾ ದ ಓರ್ತಾ 1563ರಲ್ಲಿ ಅಲ್ಲೇ ಅಚ್ಚಾದ ತನ್ನ ಪುಸ್ತಕದಲ್ಲಿ, ಇದು ಯುರೋಪಿನ ನಾರುಗಿಡವಲ್ಲ, ಇದರ ಬೀಜ ಸಣ್ಣದು ಎಂದು ವಾದಿಸಿದ. 1753ರಲ್ಲಿ ಲಿನೇಯಸ್ ಒಂದೇ ಹೆಸರು ಕೊಟ್ಟ. 1785ರಲ್ಲಿ ಲಾಮಾರ್ಕ್ ಇಂಡಿಯಾದ ಗಿಡವನ್ನು ಬೇರೆ ಮಾಡಿದ. ಈಗ ಬಹುಮಂದಿ ಎರಡೂ ಒಂದೇ ಜಾತಿ ಎನ್ನುತ್ತಾರೆ.

ಇನ್ನು ಮನೆತನದ ಮಾತು. 1862ರಲ್ಲಿ ನಮ್ಮ ಜಿಲ್ಲೆ ಮುಂಬಯಿ ಇಲಾಖೆಗೆ ಸೇರಿತಷ್ಟೆ. ಆ ಇಲಾಖೆಯ ಸಸ್ಯಗಳ ಬಗ್ಗೆ ಥಿಯೋಡೋರ್ ಕುಕ್ 1901ರಿಂದ 1908ರವರೆಗೆ ಹೊರತಂದ ಗ್ರಂಥದಲ್ಲಿ ಆಲ, ಹಲಸು, ಭಂಗಿ ಎಲ್ಲವೂ ತುರಿಕೆ ಗಿಡದ ಯಜಮಾನಿಕೆಯ ಒಂದೇ ಒಟ್ಟು ಕುಟುಂಬ! ಹಲಸಿಗೂ ಭಂಗಿಗೂ ಏನು ನಂಟು ಅಂತ ನಗಬೇಡಿ, ದೂರದ ನಂಟು ನಿಜಕ್ಕೂ ಉಂಟು. ಆಮೇಲೆ ಹಿಸ್ಸೆಯಾಯಿತು: ಆಲ, ಹಲಸು ಒಂದು ಪಾಲು, ಭಂಗಿ ಬೇರೆ.

ಈ ಹಿಸ್ಸೆಯಲ್ಲಿ ಟ್ರೀಮಾ ಎಂಬ ಮರ ಶೀತದೇಶದ ಎಲ್ಮ್ ಮರದ ಮನೆಗೆ ಹೋಯಿತು. ನೀವು ಅದನ್ನು ಕಂಡೇ ಇರುತ್ತೀರಿ. ಘಟ್ಟದ ಮಗ್ಗುಲಲ್ಲಿ ಕಾಡು ಕಡಿದ ಜಾಗದಲ್ಲಿ ಮೊದಲು ಏಳುವ ಮರಗಳಲ್ಲಿ ಅದೊಂದು: ಒರಟು ಎಲೆ, ಹಕ್ಕಿ ತಿನ್ನುವ ಪುಟ್ಟ ಕಪ್ಪು ಹಣ್ಣು. ಇತ್ತೀಚಿನ ದಶಕಗಳಲ್ಲಿ ಗಿಡಗಳ ಡಿ.ಎನ್.ಎ. ಓದಿದಾಗ ಅದು ಭಂಗಿಯ ಮನೆಯದೇ ಎಂದು ಗೊತ್ತಾಯಿತು. ಮೇಲೆ ಹೇಳಿದ ಕಾಯಿದೆಗೂ ಈ ಮರಕ್ಕೂ ಸಂಬಂಧವಿಲ್ಲ. ಆದರೆ ಇದರ ತೊಗಟೆಯಲ್ಲಿಯೂ ನಾರುಂಟು.