ಬರೆದವನ ಧಾಟಿ: ವಿಜಯನಗರವನ್ನು ಕಂಡವರು, ಕಾಣದವರು



ಭಾಷಾ ಪರೀಕ್ಷೆಗಳಲ್ಲಿ ಒಂದು ಗದ್ಯಭಾಗವನ್ನು ಕೊಟ್ಟು, ಕೊನೆಗೆ ‘ಇಲ್ಲಿ ಲೇಖಕರ ಧಾಟಿ ಯಾವುದು?’ ಎಂದು ಕೇಳುವುದುಂಟು. ಮೆಚ್ಚುಗೆ, ವಿಷಾದ, ವ್ಯಂಗ್ಯ, ತಟಸ್ಥ ಎಂದು ನಾಲ್ಕು ಉತ್ತರಗಳು ಕೆಳಗೇ ಇರುತ್ತವೆ. ನಿಮ್ಮಲ್ಲಿ ಹಲವರು ಗದ್ಯಭಾಗದಲ್ಲಿ ಒಂದು ದೊಡ್ಡ ವಿಶೇಷಣವನ್ನು ಹುಡುಕಿ, ಅದಕ್ಕೆ ಹೊಂದುವ ಉತ್ತರಕ್ಕೆ ಗುರುತು ಹಾಕಿ ಮುಂದೆ ಹೋಗುತ್ತೀರಿ. ಅಂಕವೂ ಸಿಗಬಹುದು. ಆದರೆ ಇತಿಹಾಸವನ್ನು ಓದುವವರಿಗೆ ಇದು ಒಂದು ಅಂಕದ ಪ್ರಶ್ನೆಯಲ್ಲ. ಹಿಂದಿನವರು ಬರೆದಿಟ್ಟುದರಿಂದಲೇ ನಾವು ಹಿಂದಿನದನ್ನು ತಿಳಿಯಬೇಕು. ಬರೆದವನು ಯಾವ ಮನಸ್ಸಿನಿಂದ ಬರೆದ ಎಂಬುದನ್ನು ಹಿಡಿಯದೆ ಹೋದರೆ ಅವನ ಸಿಟ್ಟನ್ನೂ ಬೆರಗನ್ನೂ ನಾವು ಸಂಗತಿಯೆಂದೇ ನುಂಗಿಬಿಡುತ್ತೇವೆ.

ಎದುರಿಗೆ ಕುಳಿತು ಮಾತನಾಡುವವರ ಧಾಟಿ ನಮಗೆ ಅವರ ಮುಖದಿಂದ, ಸ್ವರದಿಂದ ತಿಳಿಯುತ್ತದೆ. ದೂರದರ್ಶನದ ತೆರೆಯ ಮೇಲೂ ಹಾಗೆಯೇ. ಅಚ್ಚಾದ ಪುಟದಲ್ಲಿ ಮುಖವೂ ಇಲ್ಲ, ಸ್ವರವೂ ಇಲ್ಲ. ಅಲ್ಲಿ ಧಾಟಿ ಬಹಳ ಸಣ್ಣ ಜಾಗಗಳಲ್ಲಿ ಅಡಗಿರುತ್ತದೆ. ‘ಅವನು ಬಂದ’ ಎಂಬ ಮಾತನ್ನು ತೆಗೆದುಕೊಳ್ಳಿ. ‘ಅಂತೂ ಬಂದ’ ಎಂದರೆ ಕಾದು ಬೇಸತ್ತದ್ದು ಕೇಳಿಸುತ್ತದೆ. ‘ಅವನೂ ಬಂದ’ ಎಂದರೆ, ಹೇಳುವವರನ್ನು ನೋಡಿ, ಸಂತೋಷವೂ ಇರಬಹುದು, ತಾತ್ಸಾರವೂ ಇರಬಹುದು. ‘ಬಂದನಂತೆ’ ಎಂದಾಗ ಹೇಳುವವರು ತಮ್ಮ ಹೊಣೆಯನ್ನು ಕಳಚಿಕೊಂಡಿದ್ದಾರೆ. ತಾವು ಕಂಡಿಲ್ಲ, ಕೇಳಿದ್ದು ಎಂದು ಮೊದಲೇ ತಿಳಿಸಿದ್ದಾರೆ. ಈ ‘ಅಂತೆ’ಯನ್ನು ನೆನಪಿನಲ್ಲಿಡಿ. ಮುಂದೆ ಅದರ ಕೆಲಸವಿದೆ.

ಈಗ ವಿಜಯನಗರಕ್ಕೆ ಬರೋಣ. ನಮ್ಮ ಪಠ್ಯಪುಸ್ತಕಗಳಲ್ಲಿ ವಿದೇಶಿ ಪ್ರವಾಸಿಗರ ಹೆಸರುಗಳು ಒಂದೇ ಸಾಲಿನಲ್ಲಿ ಬರುತ್ತವೆ; ಎಲ್ಲರೂ ನಗರದ ವೈಭವವನ್ನು ಹೊಗಳಿದರು ಎಂದು ಮುಗಿಸಿಬಿಡುತ್ತೇವೆ. ಒಬ್ಬೊಬ್ಬರನ್ನೂ ಬಿಡಿಯಾಗಿ ಓದಿದರೆ ಬೇರೆ ಬೇರೆ ಮನುಷ್ಯರು ಮಾತನಾಡತೊಡಗುತ್ತಾರೆ.

ಅಬ್ದುರ್ ರಜಾಕ್ ತೈಮೂರನ ಮಗ ಶಾರೂಖನ ರಾಯಭಾರಿ. 1442ರಲ್ಲಿ ಹೆರಾತಿನಿಂದ ಹೊರಟು ಕಲ್ಲಿಕೋಟೆಗೆ ಬಂದ. ಸಮುದ್ರಯಾನ ಅವನಿಗೆ ನರಕವಾಯಿತು, ಕಲ್ಲಿಕೋಟೆಯೂ ಹಿಡಿಸಲಿಲ್ಲ. ಇಮ್ಮಡಿ ದೇವರಾಯ ಕರೆಸಿಕೊಂಡದ್ದರಿಂದ 1443ರಲ್ಲಿ ವಿಜಯನಗರಕ್ಕೆ ಬಂದ. ಬಂದೊಡನೆ ಅವನ ಬರಹದ ಧಾಟಿಯೇ ಬದಲಾಗುತ್ತದೆ. ಏಳು ಸುತ್ತಿನ ಕೋಟೆ, ಮೊದಲ ಮೂರು ಸುತ್ತುಗಳ ನಡುವೆ ಹೊಲ, ತೋಟ, ಮನೆಗಳು, ಬಯಲಿನಲ್ಲಿ ರತ್ನ ಮಾರುವ ಪೇಟೆ, ಊಟದಷ್ಟೇ ಅಗತ್ಯವೆಂಬಂತೆ ಗುಲಾಬಿ ಕೊಳ್ಳುವ ಜನ. ಇದು ಪಾರಸಿ ಆಸ್ಥಾನದ ಗದ್ಯ. ಅಲ್ಲಿ ಉತ್ಪ್ರೇಕ್ಷೆ ಸುಳ್ಳಲ್ಲ, ಶಿಷ್ಟಾಚಾರ. ನಮ್ಮ ಶಾಸನಗಳಲ್ಲಿ ಪ್ರತಿಯೊಬ್ಬ ರಾಜನ ಪಾದವೂ ಸಾಮಂತರ ಕಿರೀಟದ ಮಣಿಗಳಿಂದ ಬೆಳಗುವುದಿಲ್ಲವೇ, ಹಾಗೆ. ಆ ಶಿಷ್ಟಾಚಾರವನ್ನು ಕಳೆದ ಮೇಲೆ ಉಳಿಯುವುದನ್ನು ನೋಡಿ. ಕೋಟೆಯ ಸುತ್ತುಗಳ ನಡುವೆ ಬೇಸಾಯವಿತ್ತೆಂಬುದು ಸುಮ್ಮನೆ ಅಲಂಕಾರದ ಮಾತಲ್ಲ. ಆ ಕಾಲದ ತುರುತ್ತು ಕಾಲುವೆ ಹಂಪಿಯ ಗದ್ದೆಗಳಿಗೆ ಇಂದಿಗೂ ನೀರು ಹಾಯಿಸುತ್ತಿದೆ.

ಇದೇ ರಜಾಕನ ಬರಹದಲ್ಲಿ ಇನ್ನೊಂದು ತಿರುವಿದೆ. ಪಠ್ಯಪುಸ್ತಕಗಳು ಅದನ್ನು ಬಿಟ್ಟುಬಿಡುತ್ತವೆ, ನನಗೆ ಅದೇ ಹೆಚ್ಚು ರುಚಿ. ಅರಮನೆಯಿಂದ ಅವನಿಗೆ ದಿನವೂ ಎರಡು ಕುರಿ, ನಾಲ್ಕು ಜೋಡಿ ಕೋಳಿ, ಐದು ಮಣ ಅಕ್ಕಿ, ಒಂದು ಮಣ ಬೆಣ್ಣೆ, ಒಂದು ಮಣ ಸಕ್ಕರೆ, ಎರಡು ವರಹ ಚಿನ್ನ ಬರುತ್ತಿತ್ತು. ಕೊಟ್ಟದ್ದನ್ನೆಲ್ಲ ಎಣಿಸಿ ಬರೆದಿಟ್ಟಿದ್ದಾನೆ. ಅಷ್ಟರಲ್ಲಿ ಹೋರ್ಮುಜಿನ ಕೆಲವು ವ್ಯಾಪಾರಿಗಳು ಇವನು ನಿಜವಾದ ರಾಯಭಾರಿಯೇ ಅಲ್ಲವೆಂದು ಸುದ್ದಿ ಹಬ್ಬಿಸಿದರು. ದಂಡನಾಯಕ ಊರಲ್ಲಿರಲಿಲ್ಲ. ಅವನ ಜಾಗದಲ್ಲಿ ಕುಳಿತ ಅಧಿಕಾರಿ ಈ ದಿನಭತ್ಯವನ್ನು ನಿಲ್ಲಿಸಿಬಿಟ್ಟ. ಆಮೇಲೆ ಆ ಅಧಿಕಾರಿಯ ವರ್ಣನೆಯನ್ನು ಓದಬೇಕು! ಕುಳ್ಳ, ಕೆಟ್ಟವ, ಹೀನ ಕುಲದವ, ಯಾವ ಗುಣವೂ ಇಲ್ಲದವ. ರತ್ನದ ಅಂಗಡಿಗಳನ್ನು ಹೊಗಳಿದ ಲೇಖನಿಯೇ ಇದು. ದಂಡನಾಯಕ ಹಿಂತಿರುಗಿ, ಆ ದಿನವೇ 7,000 ವರಹ ಕೊಡಿಸುವ ಆಜ್ಞೆ ಮಾಡಿದ ಮೇಲೆ ಧಾಟಿ ಮತ್ತೆ ತಿಳಿಯಾಗುತ್ತದೆ.

ಹಾಗಾದರೆ ಆ ಅಧಿಕಾರಿ ಕೆಟ್ಟವನಾಗಿದ್ದನೇ? ಈ ಬರಹದಿಂದ ಅದನ್ನು ಹೇಳಲಾಗದು. ಭತ್ಯ ನಿಂತಿತೆಂಬುದನ್ನು, ವಿದೇಶಿ ವ್ಯಾಪಾರಿಗಳ ಮಾತಿಗೆ ಆಸ್ಥಾನದಲ್ಲಿ ಬೆಲೆಯಿತ್ತೆಂಬುದನ್ನು, ರಾಯಭಾರಿಯ ಮಾನ ಅವನಿಗೆ ಬರುವ ಅಕ್ಕಿ ಬೆಣ್ಣೆಗಳಲ್ಲಿ ಅಳೆಯಲ್ಪಡುತ್ತಿತ್ತೆಂಬುದನ್ನು ಹೇಳಬಹುದು. ಬೈಗುಳ ನಮಗೆ ಅಧಿಕಾರಿಯ ಗುಣವನ್ನು ತಿಳಿಸುವುದಿಲ್ಲ, ಬೈದವನಿಗೆ ಎಲ್ಲಿ ನೋವಾಯಿತೆಂಬುದನ್ನು ತಿಳಿಸುತ್ತದೆ. ಅದೂ ಇತಿಹಾಸವೇ.

ಡೊಮಿಂಗೊ ಪಾಯಸ್ ಎಂಬ ಪೋರ್ಚುಗೀಸ್ ಯಾತ್ರಿಕ ಬಂದದ್ದು ಕೃಷ್ಣದೇವರಾಯನ ಕಾಲದಲ್ಲಿ, 1520ರ ಆಸುಪಾಸಿನಲ್ಲಿ. ಅವನದು ಬೆಟ್ಟ ಹತ್ತಿ ನೋಡುವ ಕಣ್ಣು. ನಗರ ರೋಮಿನಷ್ಟು ದೊಡ್ಡದಾಗಿ ಕಂಡಿತು ಎನ್ನುತ್ತಾನೆ. ಒಡನೆಯೇ, ಗುಡ್ಡಗಳು ಅಡ್ಡವಾಗಿ ಪೂರ್ತಿ ನೋಡಲಾಗಲಿಲ್ಲ ಎಂದೂ ಸೇರಿಸುತ್ತಾನೆ. ಈ ಎರಡನೆಯ ಮಾತು ಮೊದಲನೆಯದರ ಬೆಲೆಯನ್ನು ಹೆಚ್ಚಿಸುತ್ತದೆ. ರಾಜನ ವಿಷಯದಲ್ಲಿಯೂ ಹಾಗೆಯೇ. ಬೆಳಗಾಗುವ ಮುನ್ನ ಎಳ್ಳೆಣ್ಣೆ ಕುಡಿದು, ಕುಸ್ತಿಯಾಡಿ, ಕುದುರೆ ಸವಾರಿ ಮಾಡುವ ಕೃಷ್ಣದೇವರಾಯನನ್ನು ಬಾಯ್ತುಂಬ ಮೆಚ್ಚಿ, ಮುಖದ ಮೇಲೆ ಸಿಡುಬಿನ ಕಲೆಗಳಿವೆ, ಇದ್ದಕ್ಕಿದ್ದಂತೆ ಕೋಪ ಬರುತ್ತದೆ ಎಂದೂ ಬರೆಯುತ್ತಾನೆ. ಆಸ್ಥಾನಕವಿಯ ಕಾವ್ಯದಲ್ಲಿ ರಾಜನ ಮುಖಕ್ಕೆ ಸಿಡುಬಿನ ಕಲೆ ಇರುವುದಿಲ್ಲ.

ಪಾಯಸನ ಸುಮಾರು ಹದಿನೈದು ವರ್ಷಗಳ ನಂತರ, ಅಚ್ಯುತರಾಯನ ಕಾಲದಲ್ಲಿ ಬರೆದ ನ್ಯೂನಿಜ್ ಕುದುರೆ ವ್ಯಾಪಾರಿ. ಇಬ್ಬರನ್ನೂ ಒಟ್ಟಿಗೆ ಅಚ್ಚು ಹಾಕುವುದರಿಂದ ಇಬ್ಬರೂ ಒಂದೇ ಎಂದು ತೋರುತ್ತದೆ, ಆದರೆ ಇವನ ಬರಹ ಲೆಕ್ಕದ ಪುಸ್ತಕದಂತೆ ನಡೆಯುತ್ತದೆ: ಯಾವ ನಾಯಕನಿಗೆ ಎಷ್ಟು ಆದಾಯ, ಎಷ್ಟು ಕಾಲಾಳು, ಎಷ್ಟು ಆನೆ. ರಾಜ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಾನೆ ಎನ್ನುತ್ತಾನೆ. ಸಾಳುವ ನರಸಿಂಹನ ಸುದ್ದಿ ಬಂದಾಗ ಮಾತ್ರ ಈ ಲೆಕ್ಕದವನ ದನಿ ಬೆಚ್ಚಗಾಗುತ್ತದೆ. ಏಕೆಂದರೆ ಆ ದೊರೆ ಕಡಲಿನಲ್ಲಿ ಸತ್ತ ಕುದುರೆಗೂ, ಬಾಲವನ್ನು ತಂದು ತೋರಿಸಿದರೆ ಸಾಕು, ಬದುಕಿರುವ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನಂತೆ. ಸಾಳುವ ನರಸಿಂಹ ತೀರಿಕೊಂಡು ಆಗ ನಲವತ್ತಕ್ಕೂ ಹೆಚ್ಚು ವರ್ಷಗಳಾಗಿದ್ದವು. ಕುದುರೆ ವ್ಯಾಪಾರಿಗಳು ಆ ಒಳ್ಳೆಯ ಕಾಲವನ್ನು ಬಾಯಿಂದ ಬಾಯಿಗೆ ದಾಟಿಸುತ್ತಿದ್ದಿರಬೇಕು.

ಅಚ್ಯುತರಾಯನ ವಿಷಯಕ್ಕೆ ಬಂದರೆ ಇದೇ ನ್ಯೂನಿಜ್ ಕಟುವಾಗುತ್ತಾನೆ. ದುರ್ವ್ಯಸನಿ, ಪೀಡಕ, ಪ್ರಾಮಾಣಿಕತೆ ಇಲ್ಲದವ ಎಂಬುದು ಅವನ ತೀರ್ಪು. ಬಹಳ ಕಾಲ ಇತಿಹಾಸಕಾರರು ಈ ತೀರ್ಪನ್ನೇ ಎತ್ತಿಕೊಂಡು ಅಚ್ಯುತರಾಯನನ್ನು ದುರ್ಬಲ ಅರಸನೆಂದು ಬರೆದರು. ಇನ್ನೊಂದು ಕಡೆ ರಾಜನಾಥ ಡಿಂಡಿಮನ ‘ಅಚ್ಯುತರಾಯಾಭ್ಯುದಯ’ ಎಂಬ ಸಂಸ್ಕೃತ ಕಾವ್ಯವಿದೆ. ಅದರ ಧಾಟಿ ಹೆಸರಿನಲ್ಲೇ ಇದೆ. ಅಲ್ಲಿ ಅಚ್ಯುತನಿಗೆ ಸಮಾನರಿಲ್ಲ. ಒಬ್ಬ ತೆಗಳುತ್ತಾನೆ, ಒಬ್ಬ ಹೊಗಳುತ್ತಾನೆ, ಆದ್ದರಿಂದ ಸತ್ಯ ನಡುವೆ ಇರಬೇಕು ಎಂದು ನೀವು ಬರೆದರೆ ನಾನು ಅಂಕ ಕೊಡುವುದಿಲ್ಲ. ಸತ್ಯ ಹಾಗೆ ಗಡಿಕಲ್ಲಿನಂತೆ ನಡುವೆ ನೆಟ್ಟಿರುವುದಿಲ್ಲ. ಮಾಡಬೇಕಾದದ್ದು ಬೇರೆ: ಧಾಟಿಗೆ ವಿರುದ್ಧವಾಗಿ ಬರುವ ಸಂಗತಿಯನ್ನು ಹುಡುಕುವುದು. ಹೊಗಳುವ ಕಾವ್ಯವೇ, ದಕ್ಷಿಣದ ದಂಡಯಾತ್ರೆಯಲ್ಲಿ ಅರಸ ಶ್ರೀರಂಗದಲ್ಲಿ ಉಳಿದ, ಸೇನೆಯನ್ನು ಮುಂದೆ ನಡೆಸಿದವನು ಅವನ ಭಾವಮೈದುನ ಸಲಕರಾಜ ತಿರುಮಲ ಎಂದು ಹೇಳುತ್ತದೆ. ಹೊಗಳುವ ಕವಿ ಇದನ್ನು ಕಟ್ಟಿ ಹೇಳಬೇಕಾದ ಕಾರಣವಿಲ್ಲ, ಆದ್ದರಿಂದ ನಂಬಬಹುದು. ಹಾಗೆಯೇ ಆ ದಂಡಯಾತ್ರೆ ತಾಮ್ರಪರ್ಣಿಯವರೆಗೆ ಹೋಯಿತೆಂಬುದು, ಕುದುರೆ ವ್ಯಾಪಾರಿ ಕೊಟ್ಟ ಚಿತ್ರಕ್ಕೆ ಹೊಂದುವುದಿಲ್ಲ. ಎನ್. ವೆಂಕಟರಮಣಯ್ಯನವರು 1935ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಶಾಸನಗಳನ್ನೂ ಕಾವ್ಯಗಳನ್ನೂ ಮುಂದಿಟ್ಟುಕೊಂಡು ಈ ಅರಸನ ಕಾಲವನ್ನು ಮತ್ತೆ ಪರಿಶೀಲಿಸಿದರು. ಒಬ್ಬ ವ್ಯಾಪಾರಿಯ ಅಸಮಾಧಾನ ಒಬ್ಬ ಅರಸನ ಹೆಸರನ್ನು ಅಷ್ಟು ಕಾಲ ಹಿಡಿದಿಟ್ಟಿತ್ತು.

ಇನ್ನು 1565ರ ಜನವರಿಯ ಯುದ್ಧ. ಪುಸ್ತಕಗಳಲ್ಲಿ ಇದನ್ನು ತಾಳಿಕೋಟೆ ಯುದ್ಧವೆಂದೂ ರಕ್ಕಸ-ತಂಗಡಿ ಯುದ್ಧವೆಂದೂ ಕರೆಯುತ್ತಾರೆ. ಈ ಎರಡನೆಯ ಹೆಸರನ್ನು ಕೇಳಿದಾಗ ಏನೋ ಭಯಂಕರ ಧಾಟಿ ಇದೆಯೆನಿಸುತ್ತದೆ, ಅಲ್ಲವೇ? ಅಲ್ಲಿ ಧಾಟಿ ಏನೂ ಇಲ್ಲ. ರಕ್ಕಸಗಿ, ತಂಗಡಗಿ ಎಂಬವು ಕೃಷ್ಣಾ ತೀರದ ಎರಡು ಹಳ್ಳಿಗಳು. ಇಲ್ಲದ ಕಡೆ ಧಾಟಿಯನ್ನು ಕೇಳಿಸಿಕೊಳ್ಳುವುದೂ ಒಂದು ಅಪಾಯವೇ.

ಯುದ್ಧದ ನಂತರ ನಗರಕ್ಕೆ ಏನಾಯಿತು? ನಿಮ್ಮಲ್ಲಿ ಯಾರನ್ನು ಕೇಳಿದರೂ, ಬೆಂಕಿ ಕತ್ತಿ ಹಾರೆ ಕೊಡಲಿಗಳನ್ನು ಹಿಡಿದು ಬಂದವರು ದಿನವೂ ಒಡೆದು ನಗರವನ್ನು ನೆಲಸಮ ಮಾಡಿದರು ಎಂಬ ಚಿತ್ರವನ್ನು ಕೊಡುತ್ತೀರಿ. ಕಣ್ಣಾರೆ ಕಂಡವರು ಹೇಳಿದಷ್ಟು ಸ್ಪಷ್ಟವಾದ ಚಿತ್ರ. ಇದು ಬಂದದ್ದು ರಾಬರ್ಟ್ ಸೀವೆಲ್ ಎಂಬ ಮದ್ರಾಸ್ ಸಿವಿಲ್ ಸರ್ವಿಸಿನ ಅಧಿಕಾರಿ 1900ರಲ್ಲಿ ಪ್ರಕಟಿಸಿದ ಪುಸ್ತಕದಿಂದ. ಅಂದರೆ ಘಟನೆಯ 335 ವರ್ಷಗಳ ನಂತರ! ಸೀವೆಲ್‌ನ ಉಪಕಾರ ದೊಡ್ಡದು. ಪಾಯಸ್, ನ್ಯೂನಿಜ್‌ರ ಬರಹಗಳನ್ನು ಇಂಗ್ಲಿಷಿಗೆ ತಂದು ನಮಗೆ ದೊರಕಿಸಿದವನು ಅವನೇ. ಆದರೆ ಅವನ ಧಾಟಿಯನ್ನು ಗಮನಿಸಿ. ಅದು ಶೋಕಗೀತೆಯ ಧಾಟಿ. ಆಯುಧಗಳ ಹೆಸರುಗಳು ಒಂದರ ಮೇಲೊಂದು ಬಂದು ಬೀಳುತ್ತವೆ, ವಾಕ್ಯ ಏರುತ್ತ ಹೋಗಿ ಕೊನೆಗೆ ಕುಸಿಯುತ್ತದೆ. ಪುಸ್ತಕದ ಹೆಸರನ್ನೇ ನೋಡಿ: ‘ಮರೆತುಹೋದ ಸಾಮ್ರಾಜ್ಯ’. ಮರೆತವರು ಯಾರು? ಹಂಪಿಯಲ್ಲಿ ವಿರೂಪಾಕ್ಷನ ಪೂಜೆ ನಿಂತಿರಲಿಲ್ಲ. ಮರೆತಿದ್ದವರು, ಅಥವಾ ತಿಳಿಯದಿದ್ದವರು, ಲಂಡನ್ನಿನ ಓದುಗರು. ಅವರನ್ನು ಅಲುಗಿಸಲು ಬರೆದ ಗದ್ಯ ಅದು.

ಸೀವೆಲ್‌ನ ಮುಂದೆ ಸೀಸರ್ ಫ್ರೆಡರಿಕ್ ಎಂಬ ವೆನಿಸ್ಸಿನ ರತ್ನ ವ್ಯಾಪಾರಿಯ ಬರಹವನ್ನು ಇಡೋಣ. ಅವನು 1567ರಲ್ಲಿ, ಯುದ್ಧವಾಗಿ ಎರಡು ವರ್ಷಕ್ಕೆ, ವಿಜಯನಗರದಲ್ಲಿದ್ದ. ಯುದ್ಧಭೂಮಿಯನ್ನು ಅವನು ಕಂಡವನಲ್ಲ. ಯುದ್ಧದ ಬಗೆಗೆ ಅವನು ಹೇಳುವುದೆಲ್ಲ ಕೇಳಿದ್ದು. ನಗರದಲ್ಲಿ ಮಾತ್ರ ಏಳು ತಿಂಗಳಿದ್ದ. ಒಂದು ತಿಂಗಳಿಗೆ ಮುಗಿಯುವ ಕೆಲಸ, ದಾರಿಯಲ್ಲಿ ಕಳ್ಳರ ಕಾಟ ತಗ್ಗುವವರೆಗೆ ಕಾಯಬೇಕಾಯಿತು ಎಂದು ಗೊಣಗುತ್ತಾನೆ. ರಾಮರಾಯನ ತಮ್ಮ ತಿರುಮಲ, ಯುದ್ಧದಲ್ಲಿ ಕಳೆದುಹೋದ ಕುದುರೆಗಳನ್ನು ತಂದುಕೊಟ್ಟರೆ ಅವಕ್ಕೂ ಹಣ ಕೊಡುವೆನೆಂದು ವ್ಯಾಪಾರಿಗಳನ್ನು ಕರೆಸಿ, ಕುದುರೆಗಳು ಬಂದ ಮೇಲೆ ಬರಿಗೈಯಲ್ಲಿ ಕಳಿಸಿದ್ದನ್ನೂ ಹೇಳುತ್ತಾನೆ. ಶೋಕವಿಲ್ಲ, ಬೆರಗಿಲ್ಲ, ಕೈಗೆ ಕಾಸು ಬಾರದವನ ಕಿರಿಕಿರಿ ಇದೆ. ಗೆದ್ದವರು ಆರು ತಿಂಗಳು ಅಲ್ಲಿದ್ದು ಹಣಕ್ಕಾಗಿ ಎಲ್ಲೆಡೆ ಹುಡುಕಿದರೆಂದು ಇದೇ ಧಾಟಿಯಲ್ಲಿ ಬರೆಯುತ್ತಾನೆ. ಆಮೇಲೆ, ನಗರ ಪೂರ್ತಿ ನಾಶವಾಗಿಲ್ಲ, ಮನೆಗಳು ಇನ್ನೂ ನಿಂತಿವೆ, ಆದರೆ ಬರಿದಾಗಿವೆ ಎನ್ನುತ್ತಾನೆ.

ಹೀಗೆಂದ ಮಾತ್ರಕ್ಕೆ ವಿನಾಶ ನಡೆಯಲಿಲ್ಲವೆಂದಲ್ಲ. ಅರಮನೆಗಳ ಪ್ರದೇಶದಲ್ಲಿ ಸುಟ್ಟ ಗುರುತುಗಳು ಇವೆ. ಒಡೆದ ವಿಗ್ರಹಗಳನ್ನು, ಮುರಿದ ಗೋಪುರಗಳನ್ನು ಹಂಪಿಗೆ ಹೋದವರೆಲ್ಲ ಕಂಡಿದ್ದೀರಿ. ವಿರೂಪಾಕ್ಷ ದೇವಾಲಯ ನಿಂತಿರುವುದನ್ನೂ ಕಂಡಿದ್ದೀರಿ. ಎಲ್ಲಿ ಸುಟ್ಟರು, ಎಲ್ಲಿ ಬಿಟ್ಟರು, ಏಕೆ, ಜನ ಏಕೆ ಹಿಂತಿರುಗಲಿಲ್ಲ ಎಂಬ ಪ್ರಶ್ನೆಗಳು ಏಳುವುದು ಫ್ರೆಡರಿಕನ ಒಣ ವಾಕ್ಯದಿಂದ. ಸೀವೆಲ್‌ನ ವಾಕ್ಯ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಸುಟ್ಟು ಮುಗಿಸುವುದರಿಂದ, ಓದಿದವನಿಗೆ ಕೇಳಲು ಏನೂ ಉಳಿಯುವುದಿಲ್ಲ.

ಬರಿದಾದ ಮನೆಗಳಲ್ಲಿ ಹುಲಿಗಳೂ ಕಾಡುಮೃಗಗಳೂ ವಾಸಿಸುತ್ತವೆ ಎಂಬ ಮಾತು ಕೂಡ ಫ್ರೆಡರಿಕನದೇ. ಮಾರ್ಗದರ್ಶಿಗಳು ಪ್ರವಾಸಿಗಳಿಗೆ ಅದನ್ನು ಸೊಗಸಾಗಿ ಹೇಳುತ್ತಾರೆ. ಅವನ ಬರಹದಲ್ಲಿ ಆ ಹುಲಿಗಳ ಪಕ್ಕದಲ್ಲೇ ಒಂದು ಸಣ್ಣ ಮಾತಿದೆ. ಕನ್ನಡದಲ್ಲಾದರೆ ಎರಡೇ ಅಕ್ಷರ: ‘ಅಂತೆ’. ಹುಲಿಗಳನ್ನು ಅವನು ಕಂಡಿರಲಿಲ್ಲ. ಆ ಊರಿನಲ್ಲಿ ಏಳು ತಿಂಗಳು ಇದ್ದ.